ಅಮೆರಿಕದಲ್ಲಿ ಪ್ರಿ-ಮೆಡ್ ಓದುವವರ ಕಾಲೇಜು ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕನ್ನಡ ಕೂಟಗಳಲ್ಲಿ ಗಣೇಶನ ಹಬ್ಬದ ಊಟಕ್ಕೆ ಸೇರಿದಾಗ ಹನ್ನೆರಡನೇ ತರಗತಿಯ ಮಕ್ಕಳ ಅಪ್ಪ-ಅಮ್ಮಂದಿರದ್ದು ಒಂದೇ ಮಾತು: ಎಷ್ಟು ಕಾಲೇಜಿಗೆ ಹಾಕ್ತಿದ್ದೀರಿ, ಯಾವುದಕ್ಕೆ ಹಾಕ್ತಿದ್ದೀರಿ. ಮಗು ಡಾಕ್ಟರಾಗುತ್ತೇನೆ ಅಂದಿದ್ದರೆ ಮಾತಿಗೆ ಇನ್ನಷ್ಟು ಕಾವು. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಇಲ್ಲಿಂದಲೇ ವಾದಕ್ಕಿಳಿಯಬಹುದು: ಪ್ರಿ-ಮೆಡ್ ಮಕ್ಕಳ ಪಟ್ಟಿಯನ್ನು ಹಾರ್ವರ್ಡಿನಿಂದ ಶುರುಮಾಡಿ ಕೆಳಗಿಳಿಯಬಾರದು, ಸೇಫ್ಟಿಯಿಂದ, ಅಂದರೆ ಸೀಟು ಬಹುತೇಕ ಖಚಿತವಿರುವ ಕಾಲೇಜಿನಿಂದ, ಶುರುಮಾಡಿ ಮೇಲಕ್ಕೆ ಹೋಗಬೇಕು.

ಪ್ರಿ-ಮೆಡ್ ಅಂದರೆ ಒಂದು ಕೋರ್ಸೇ? ನಮ್ಮ ಕಡೆ ಪಿಯುಸಿ ಮುಗಿಸಿ ಎಂಬಿಬಿಎಸ್ ಸೇರುವ ಹಾಗೆ ಇಲ್ಲಿ ಯಾಕಿಲ್ಲ?

ಪ್ರಿ-ಮೆಡ್ ಅನ್ನುವುದು ಡಿಗ್ರಿಯೂ ಅಲ್ಲ, ಮೇಜರ್ ಅಂದರೆ ಪದವಿಯ ಮುಖ್ಯ ವಿಷಯವೂ ಅಲ್ಲ. ನಾಲ್ಕು ವರ್ಷದ ಯಾವುದಾದರೂ ಪದವಿ ಓದುತ್ತ, ಮೆಡಿಕಲ್ ಸ್ಕೂಲುಗಳು ಕೇಳುವ ವಿಷಯಗಳನ್ನು ಜತೆಜತೆಗೇ ಮುಗಿಸಿಕೊಳ್ಳುವುದು, ಅಷ್ಟೆ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಒಂದೊಂದು ವರ್ಷ, ಲ್ಯಾಬ್ ಸಮೇತ. ಅದರ ಮೇಲೆ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. 2015ರಲ್ಲಿ ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಸೈಕಾಲಜಿ-ಸೋಶಿಯಾಲಜಿ ಭಾಗ ಸೇರಿದಂದಿನಿಂದ ಅವನ್ನೂ ಹೆಚ್ಚಿನವರು ತೆಗೆದುಕೊಳ್ಳುತ್ತಾರೆ.

ಹಾಗಾಗಿ ಈಗ ಮಾಡುತ್ತಿರುವ ಪಟ್ಟಿ ಅರ್ಧ ದಾರಿಯದ್ದು. ಪದವಿ ಮುಗಿಯುವ ಹೊತ್ತಿಗೆ ಮೆಡಿಕಲ್ ಸ್ಕೂಲಿಗೆ ಮತ್ತೊಂದು ಪಟ್ಟಿ, ಮತ್ತೊಂದು ಅರ್ಜಿ. ಎಂಡಿ (ನಮ್ಮ ಎಂಬಿಬಿಎಸ್ ಜಾಗದಲ್ಲಿ ಇಲ್ಲಿರುವ ವೈದ್ಯ ಪದವಿ) ಕೊಡುವ ಶಾಲೆಗಳಿಗೆ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ, ಸೀಟು ಹಿಡಿದು ಒಳಗೆ ಹೋಗುವವರು ಸುಮಾರು 23 ಸಾವಿರ. ಎರಡನೇ ಅರ್ಜಿಯಲ್ಲಿ ಗೆಲ್ಲಿಸುವ ಕಾಲೇಜು ಯಾವುದು ಅನ್ನುವುದೇ ಇವತ್ತಿನ ಪಟ್ಟಿಯ ಪ್ರಶ್ನೆ.

ದೊಡ್ಡ ಹೆಸರಿನ ಕಾಲೇಜಾದರೆ ಮೆಡಿಕಲ್ ಸೀಟು ಸುಲಭ ಅಲ್ಲವೇ?

ಒಂದಿಷ್ಟು ನೆರವಾಗುತ್ತದೆ. ಆದರೆ ನಾವು ಅಂದುಕೊಂಡಷ್ಟಲ್ಲ. ಮೆಡಿಕಲ್ ಸ್ಕೂಲಿನವರು ಮೊದಲು ನೋಡುವುದು ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ, ಮತ್ತು ಎಂಕ್ಯಾಟ್. ಸೀಟು ಸಿಕ್ಕವರ ಸರಾಸರಿ ಜಿಪಿಎ 3.8ರ ಹತ್ತಿರ ಇದೆ, ಎಂಕ್ಯಾಟ್ 528ಕ್ಕೆ 511–512ರ ಆಸುಪಾಸು. ಇದರ ಮೇಲೆ ಸೈನ್ಸ್ ಜಿಪಿಎ ಅಂತ ಬೇರೆಯೇ ಒಂದನ್ನು ಲೆಕ್ಕ ಹಾಕುತ್ತಾರೆ: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಇಷ್ಟರದ್ದು ಮಾತ್ರ. ಎಂಡಿ ಅರ್ಜಿಗಳು ಹೋಗುವ ಆಮ್‌ಕ್ಯಾಸ್ ಎಂಬ ವ್ಯವಸ್ಥೆಯಲ್ಲಿ ಕಾಲೇಜಿನ ಪ್ರತಿ ಗ್ರೇಡೂ ಲೆಕ್ಕಕ್ಕೆ ಬರುತ್ತದೆ. ಒಂದು ವಿಷಯದಲ್ಲಿ ಸಿ ಬಂದು, ಮತ್ತೆ ಓದಿ ಎ ತೆಗೆದರೂ ಸಿ ಅಳಿಸಿಹೋಗುವುದಿಲ್ಲ, ಎರಡೂ ಸೇರುತ್ತವೆ.

ಈಗ ಯೋಚಿಸಿ. ಮುನ್ನೂರು ಜನ ಕೂತಿರುವ ಆರ್ಗ್ಯಾನಿಕ್ ಕೆಮಿಸ್ಟ್ರಿ ತರಗತಿ. ಎ ಸಿಗುವುದು ಮೇಲಿನ ಒಂದು ಭಾಗಕ್ಕೆ ಮಾತ್ರ. ಅಲ್ಲಿ ಕೂತವರೆಲ್ಲ ತಂತಮ್ಮ ಹೈಸ್ಕೂಲಿನ ಮೊದಲಿಗರು. ನಿಮ್ಮ ಮಗ ಕಷ್ಟಪಟ್ಟು ಒಳಗೆ ಬಂದವನಾದರೆ, ಅಂದರೆ ಅವನ ಅಂಕಗಳು ಆ ಕಾಲೇಜಿನ ಕೆಳಗಿನ ಕಾಲುಭಾಗದಲ್ಲಿದ್ದರೆ, ಆ ತರಗತಿಯಲ್ಲಿ ಅವನಿಗೆ ಬಿ ಬರುವ ಸಾಧ್ಯತೆಯೇ ಹೆಚ್ಚು. ಅದೇ ಹುಡುಗ ರಾಜ್ಯದ ಯೂನಿವರ್ಸಿಟಿಯ ಆನರ್ಸ್ ಕಾಲೇಜಿನಲ್ಲಿ (ಆಯ್ದ ಮಕ್ಕಳ ವಿಶೇಷ ವಿಭಾಗ) ಮುಂದಿನ ಬೆಂಚಿನಲ್ಲಿರುತ್ತಾನೆ. ಪ್ರೊಫೆಸರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗುತ್ತದೆ, ಶಿಫಾರಸು ಪತ್ರಕ್ಕೆ ತೂಕ ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತು ರ‍್ಯಾಂಕಿಂಗ್ ಪಟ್ಟಿಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗಂತ ಕಠಿಣ ಕಾಲೇಜು ಬೇಡವೇ ಬೇಡ ಅನ್ನುತ್ತಿಲ್ಲ. ಅಲ್ಲೂ ಮಧ್ಯಕ್ಕಿಂತ ಮೇಲೆ ನಿಲ್ಲುವ ಮಕ್ಕಳಿದ್ದಾರೆ. ನಿಮ್ಮ ಮಗು ಅಂಥದ್ದೇ ಅನ್ನುವುದನ್ನು ಮನೆಯವರ ಅಭಿಮಾನದಿಂದಲ್ಲ, ಅಂಕೆಗಳಿಂದ ತೀರ್ಮಾನಿಸಿ.

ರೀಚ್, ಟಾರ್ಗೆಟ್, ಸೇಫ್ಟಿ: ಯಾವುದು ಯಾವುದು ಅಂತ ಗೊತ್ತಾಗುವುದು ಹೇಗೆ?

ಹೆಚ್ಚಿನ ಕಾಲೇಜುಗಳು ವರ್ಷಕ್ಕೊಮ್ಮೆ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರಡಿಸುತ್ತವೆ. ಕಾಲೇಜಿನ ಹೆಸರಿನ ಜತೆ ಆ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ. ನೂರು ವೆಬ್‌ಸೈಟುಗಳ ಊಹೆಗಿಂತ ಇದೊಂದು ಪಿಡಿಎಫ್ ಮೇಲು. ಅದರ ಸಿ ವಿಭಾಗ ತೆರೆಯಿರಿ. ಸಿ1ರಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು ಅಂತಿರುತ್ತದೆ. ಸಿ9ರಲ್ಲಿ ಸೇರಿದವರ ಎಸ್‌ಎಟಿ, ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳ ಅಂಕ, 25ನೇ ಮತ್ತು 75ನೇ ಪರ್ಸೆಂಟೈಲ್ ಸಮೇತ, ಅಂದರೆ ನೂರರಲ್ಲಿ 25 ಮತ್ತು 75 ಜನ ಯಾವ ಅಂಕಕ್ಕಿಂತ ಕೆಳಗಿದ್ದಾರೆ ಅಂತ. ಸಿ7ರಲ್ಲಿ ಒಂದು ಕೋಷ್ಟಕ: ಗ್ರೇಡು, ಪ್ರಬಂಧ, ಶಿಫಾರಸು, ಅಪ್ಪ-ಅಮ್ಮ ಅಲ್ಲೇ ಓದಿದವರೇ, ವಿದ್ಯಾರ್ಥಿ ಕಾಲೇಜಿನ ಬಗ್ಗೆ ಆಸಕ್ತಿ ತೋರಿಸಿದ್ದಾನೆಯೇ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಅಂತ ಕಾಲೇಜೇ ಗುರುತು ಹಾಕಿರುತ್ತದೆ. ಆಸಕ್ತಿಗೆ ಬೆಲೆ ಕೊಡುವ ಕಾಲೇಜಾದರೆ ಅವರ ಆನ್‌ಲೈನ್ ಮಾಹಿತಿ ಸಭೆಗೆ ಮಗು ತನ್ನದೇ ಇಮೇಲಿನಿಂದ ನೋಂದಾಯಿಸಿಕೊಳ್ಳಲಿ, ನಿಮ್ಮದರಿಂದಲ್ಲ.

ಆಮೇಲೆ ಲೆಕ್ಕ ಸುಲಭ. ಅಂಕಗಳು 75ನೇ ಪರ್ಸೆಂಟೈಲಿಗಿಂತ ಮೇಲಿದ್ದು, ಕಾಲೇಜು ಅರ್ಧಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವಂತಿದ್ದರೆ ಅದು ಸೇಫ್ಟಿ. ಅಂಕ ಮಧ್ಯದಲ್ಲಿದ್ದರೆ ಟಾರ್ಗೆಟ್. ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಜನರನ್ನು ತೆಗೆದುಕೊಳ್ಳುವ ಕಾಲೇಜು ಎಂಥ ಜಾಣರಿಗೂ ರೀಚ್. ಎಸ್‌ಎಟಿಯಲ್ಲಿ 1600ಕ್ಕೆ 1580 ಬಂದಿದೆ ಅಂತ ಜಾನ್ಸ್ ಹಾಪ್ಕಿನ್ಸ್ ಯಾರಿಗೂ ಟಾರ್ಗೆಟ್ ಆಗುವುದಿಲ್ಲ. ನಿಮ್ಮ ಹೈಸ್ಕೂಲಿನಲ್ಲಿ ನಾವಿಯನ್ಸ್ ಅಥವಾ ಸ್ಕೋಯರ್ ಎಂಬ ಕಾಲೇಜು ಮಾಹಿತಿಯ ತಂತ್ರಾಂಶ ಇದ್ದರೆ, ಅದೇ ಶಾಲೆಯಿಂದ ಹಿಂದಿನ ವರ್ಷ ಅರ್ಜಿ ಹಾಕಿದವರ ಚುಕ್ಕಿಚಿತ್ರವನ್ನೂ ನೋಡಿ.

ಪ್ರಿ-ಮೆಡ್ ಮಕ್ಕಳಿಗೆ ಸೇಫ್ಟಿ ಅನ್ನಿಸಿಕೊಳ್ಳಲು ನನ್ನ ಪ್ರಕಾರ ಇನ್ನೆರಡು ಷರತ್ತು: ಸಾಲವಿಲ್ಲದೆ, ಇಲ್ಲವೇ ಸಣ್ಣ ಸಾಲದಲ್ಲಿ ಓದುವಂತಿರಬೇಕು, ಮಗು ಅಲ್ಲಿಗೆ ಮುಖ ಸಿಂಡರಿಸದೆ ಹೋಗುವಂತಿರಬೇಕು. ಎರಡನೆಯದನ್ನು ನಾವು ಕೇಳುವುದೇ ಇಲ್ಲ. ಹೆಸರಿಗೆ ಎರಡು ಸೇಫ್ಟಿ ಬರೆದು, ಏಪ್ರಿಲಿನಲ್ಲಿ ಅವೆರಡೇ ಕೈಯಲ್ಲಿ ಉಳಿದಾಗ ಮನೆ ಸೂತಕದ ಮನೆ ಆಗುತ್ತದೆ.

ಒಟ್ಟು ಎಷ್ಟು ಕಾಲೇಜು?

ಕಾಮನ್ ಆಪ್, ಅಂದರೆ ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ, ಇಪ್ಪತ್ತರವರೆಗೆ ಬಿಡುತ್ತದೆ. ಬಿಡುತ್ತದೆ ಅಂತ ತುಂಬಿಸಬೇಕಿಲ್ಲ. ಹತ್ತರಿಂದ ಹನ್ನೆರಡು ಸಾಕು: ಮೂರು ಸೇಫ್ಟಿ, ನಾಲ್ಕೈದು ಟಾರ್ಗೆಟ್, ಮೂರು-ನಾಲ್ಕು ರೀಚ್. ಬಹಳಷ್ಟು ಕಾಲೇಜುಗಳು "ನಮ್ಮಲ್ಲೇ ಯಾಕೆ?" ಅಂತ ಪ್ರಬಂಧ ಕೇಳುತ್ತವೆ. ಹದಿನೈದನೆಯದನ್ನು ಬರೆಯುವ ಹೊತ್ತಿಗೆ ಹಿಂದಿನ ಕಾಲೇಜಿನ ಹೆಸರು ಹಾಗೇ ಉಳಿದುಬಿಡುವುದು ಅಪರೂಪವೇನಲ್ಲ.

ಒಂದು ಪಟ್ಟಿಯನ್ನೇ ಹಾಕಿ ತೋರಿಸಬಹುದೇ?

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಒಬ್ಬ ಹುಡುಗಿ ಅಂದುಕೊಳ್ಳೋಣ, ನಿಜದವಳಲ್ಲ. ಜಿಪಿಎ 3.85, ಎಸ್‌ಎಟಿ 1480, ಏಳೆಂಟು ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳು. ಶನಿವಾರ ಊರಿನ ನರ್ಸಿಂಗ್ ಹೋಮಿನಲ್ಲಿ ಸ್ವಯಂಸೇವೆ, ಜತೆಗೆ ಭರತನಾಟ್ಯ. ತಂದೆ-ತಾಯಿ ಇಬ್ಬರೂ ಐಟಿ, ಆದಾಯ ಮೇಲ್ಮಟ್ಟದ್ದು, ಅಂದರೆ ಅಗತ್ಯ ನೋಡಿ ಕೊಡುವ ನೆರವು ಹೆಚ್ಚೇನೂ ಸಿಗುವುದಿಲ್ಲ.

ಮೊದಲು ಸೇಫ್ಟಿಗಳು. ಒಂದನೆಯದು ರಟ್ಗರ್ಸ್, ನ್ಯೂ ಬ್ರನ್ಸ್‌ವಿಕ್, ಆನರ್ಸ್ ಕಾಲೇಜಿಗೂ ಸೇರಿಸಿ. ಪಕ್ಕದಲ್ಲೇ ಆಸ್ಪತ್ರೆ, ವೈದ್ಯಕೀಯ ಶಾಲೆ, ಸಂಶೋಧನೆಗೆ ಬೇಕಾದಷ್ಟು ಲ್ಯಾಬು. ಎರಡನೆಯದು ದಿ ಕಾಲೇಜ್ ಆಫ್ ನ್ಯೂಜೆರ್ಸಿ: ಸರ್ಕಾರಿ, ಆದರೆ ಸಣ್ಣದು, ತರಗತಿಗಳೂ ಸಣ್ಣವು. ಮೂರನೆಯದು ಪಿಟ್ಸ್‌ಬರ್ಗ್ ಯೂನಿವರ್ಸಿಟಿ. ಇದು ರೋಲಿಂಗ್ ಪದ್ಧತಿಯದ್ದು, ಬೇಗ ಹಾಕಿದವರಿಗೆ ಬೇಗ ಉತ್ತರ. ಕ್ಯಾಂಪಸ್ಸಿನ ಮಧ್ಯದಲ್ಲೇ ಯುಪಿಎಂಸಿ ಆಸ್ಪತ್ರೆಗಳು. ಬೇಗನೇ ಒಂದು ಕಡೆಯಿಂದ "ಬಾ" ಅಂತ ಕಾಗದ ಬಂದರೆ ಮಿಕ್ಕ ಪ್ರಬಂಧಗಳನ್ನು ಮಗು ನೆಮ್ಮದಿಯಾಗಿ ಬರೆಯುತ್ತದೆ.

ಟಾರ್ಗೆಟ್‌ಗೆ ಓಹಾಯೊ ಸ್ಟೇಟ್, ರೋಚೆಸ್ಟರ್, ಕೇಸ್ ವೆಸ್ಟರ್ನ್, ಬ್ರ್ಯಾಂಡೈಸ್. ರೋಚೆಸ್ಟರಿನಲ್ಲಿ ಸ್ಟ್ರಾಂಗ್ ಮೆಮೋರಿಯಲ್ ಆಸ್ಪತ್ರೆ ಕಾಲೇಜಿನಿಂದ ನಡೆದುಹೋಗುವಷ್ಟು ಹತ್ತಿರ, ಕೇಸ್ ವೆಸ್ಟರ್ನಿಗೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ನೆರೆಮನೆ. ಕಾರಿಲ್ಲದ ವಿದ್ಯಾರ್ಥಿಗೆ ಇದರ ಬೆಲೆ ಏನು ಅನ್ನುವುದು ಮೊದಲ ಚಳಿಗಾಲದಲ್ಲಿ ಗೊತ್ತಾಗುತ್ತದೆ. ಮೆಡಿಕಲ್ ಸ್ಕೂಲಿನವರು ರೋಗಿಗಳ ಜತೆ ಕಳೆದ ಗಂಟೆಗಳನ್ನು ಕೇಳುತ್ತಾರೆ. ಬಸ್ಸು ಎರಡು ಬದಲಿಸಿ ಹೋಗಬೇಕಾದರೆ ಆ ಗಂಟೆಗಳು ಕೂಡುವುದಿಲ್ಲ.

ರೀಚ್‌ಗೆ ಎಮೊರಿ, ರೈಸ್, ಜಾನ್ಸ್ ಹಾಪ್ಕಿನ್ಸ್. ರೈಸಿನ ಎದುರಿಗೇ ಟೆಕ್ಸಸ್ ಮೆಡಿಕಲ್ ಸೆಂಟರ್, ಎಮೊರಿಯ ಪಕ್ಕ ರೋಗ ನಿಯಂತ್ರಣದ ಕೇಂದ್ರ ಸಂಸ್ಥೆ ಸಿಡಿಸಿ. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಕಡೆ ಅವಳ ಕಣ್ಣಿದ್ದರೆ ಅದನ್ನೂ ರೀಚ್ ಸಾಲಿಗೇ ಹಾಕಬೇಕು: ಹೊರರಾಜ್ಯದವರಿಗೆ ಅಲ್ಲಿ ಶೇ. 18ರ ಮಿತಿ ಇದೆ. ಸರ್ಕಾರಿ ಕಾಲೇಜು ಅಂದಮಾತ್ರಕ್ಕೆ ಸುಲಭ ಅಂದುಕೊಂಡವರು ಮೋಸಹೋಗುವುದು ಇಲ್ಲೇ.

ಒಂದು ಕಾಲೇಜಿನವರು ತಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಮೆಡಿಕಲ್ ಸೀಟು ಸಿಗುತ್ತದೆ ಅಂತಾರೆ. ನಂಬಬಹುದೇ?

ಅಂಕಿ ಸುಳ್ಳಿರಲಿಕ್ಕಿಲ್ಲ, ಆದರೆ ಯಾವ ನೂರು ಜನರಲ್ಲಿ ಅಂತ ಕೇಳಬೇಕು. ಕೆಲವು ಕಾಲೇಜುಗಳಲ್ಲಿ ಪ್ರಿ-ಹೆಲ್ತ್ ಸಮಿತಿ ಇರುತ್ತದೆ, ಅದು ವಿದ್ಯಾರ್ಥಿಗೆ ಕಮಿಟಿ ಲೆಟರ್, ಅಂದರೆ ಕಾಲೇಜಿನ ಪರವಾಗಿ ಶಿಫಾರಸು ಪತ್ರ, ಕೊಡುತ್ತದೆ. ಜಿಪಿಎ ಕಡಿಮೆ ಇರುವವರಿಗೆ ಪತ್ರ ಕೊಡದೆ "ಈ ವರ್ಷ ಬೇಡ" ಅಂದರೆ ಅವರು ಲೆಕ್ಕದಿಂದಲೇ ಹೊರಗೆ. ಇನ್ನು ಮೊದಲ ವರ್ಷವೇ ಕೆಮಿಸ್ಟ್ರಿಯಲ್ಲಿ ಬಿದ್ದು ಪ್ರಿ-ಮೆಡ್ ಬಿಟ್ಟವರಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕ್ಯಾಂಪಸ್ ನೋಡಲು ಹೋದಾಗ ಕೇಳಬೇಕಾದದ್ದು ಹೀಗೆ: ಮೊದಲ ವರ್ಷ ಪ್ರಿ-ಮೆಡ್ ಅಂದವರು ಎಷ್ಟು, ಕೊನೆಗೆ ಅರ್ಜಿ ಹಾಕಿದವರು ಎಷ್ಟು? ಪತ್ರಕ್ಕೆ ಕನಿಷ್ಠ ಜಿಪಿಎ ಇದೆಯೇ? ಉತ್ತರ ಗೊಣಗಿದಂತೆ ಬಂದರೆ ಅದೂ ಒಂದು ಉತ್ತರ.

ಬಿಎಸ್-ಎಂಡಿ ಸಿಕ್ಕರೆ ಈ ತಲೆನೋವೇ ಇರುವುದಿಲ್ಲವಲ್ಲ?

ಸಿಕ್ಕರೆ ಚಿನ್ನ. ಹೈಸ್ಕೂಲಿನಿಂದಲೇ ಪದವಿ ಮತ್ತು ಎಂಡಿ ಎರಡಕ್ಕೂ ಜಾಗ ಕೊಡುವ ಯೋಜನೆಗಳಿವು: ಬ್ರೌನ್ ಯೂನಿವರ್ಸಿಟಿಯ ಎಂಟು ವರ್ಷದ ಪಿಎಲ್‌ಎಂಇ, ಮಿಸ್ಸೌರಿ ಕಾನ್ಸಾಸ್ ಸಿಟಿಯ ಆರು ವರ್ಷದ್ದು, ದಿ ಕಾಲೇಜ್ ಆಫ್ ನ್ಯೂಜೆರ್ಸಿಯ ಏಳು ವರ್ಷದ್ದು. ಪಿಯುಸಿಯಿಂದ ನೇರ ಮೆಡಿಕಲ್ಲಿಗೆ ಹೋಗುವುದನ್ನು ನೋಡಿ ಬೆಳೆದ ನಮಗೆ ಇದು ಮನಸ್ಸಿಗೆ ಹತ್ತಿರ. ಅದಕ್ಕೇ ಭಾರತೀಯ ಮನೆಗಳಲ್ಲಿ ಇದರ ಹುಚ್ಚು ಜಾಸ್ತಿ.

ಸೀಟುಗಳು ಬೆರಳೆಣಿಕೆ. ಆದ್ದರಿಂದ ಪ್ರತಿ ಬಿಎಸ್-ಎಂಡಿ ಅರ್ಜಿಯೂ ರೀಚ್, ಆ ಕಾಲೇಜು ಬರೀ ಪದವಿಗೆ ಸೇಫ್ಟಿಯಾಗಿದ್ದರೂ ಸಹ. ಎರಡು-ಮೂರಕ್ಕೆ ಹಾಕಿ, ಆದರೆ ಬಿಎಸ್-ಎಂಡಿ ಸಿಗದೆ ಬರೀ ಪದವಿಗೆ ಸಿಕ್ಕರೂ ಅಲ್ಲಿ ಓದಲು ಮನಸ್ಸಿದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಹಲವದರ ಕೊನೆಯ ದಿನಾಂಕ ಸಾಮಾನ್ಯ ಅರ್ಜಿಗಿಂತ ಬಹಳ ಮುಂಚೆ ಇರುತ್ತದೆ. ಹದಿನೇಳರ ಮಗು ವೈದ್ಯಕೀಯವೇ ಯಾಕೆ ಅಂತ ಸಂದರ್ಶನದಲ್ಲಿ ತಾನೇ ಹೇಳಬೇಕು. ಅಪ್ಪ ಕಲಿಸಿಕೊಟ್ಟ ಉತ್ತರ ಅಲ್ಲಿ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ.

ದುಡ್ಡಿನ ವಿಚಾರ ಪಟ್ಟಿ ಮಾಡುವಾಗಲೇ ಬೇಕೇ? ಸೀಟು ಸಿಕ್ಕ ಮೇಲೆ ನೋಡಿಕೊಂಡರೆ?

ಈಗಲೇ ಬೇಕು. ರಟ್ಗರ್ಸಿನಲ್ಲಿ ಸ್ವಂತ ರಾಜ್ಯದವರಿಗೆ ಊಟ-ವಸತಿ ಸೇರಿ ವರ್ಷಕ್ಕೆ ನಲವತ್ತು ಸಾವಿರ ಡಾಲರಿನ ಹತ್ತಿರ, ದೊಡ್ಡ ಖಾಸಗಿ ಕಾಲೇಜುಗಳಲ್ಲಿ ತೊಂಬತ್ತು ಸಾವಿರ. ವ್ಯತ್ಯಾಸ ಐವತ್ತು ಸಾವಿರ, ನಾಲ್ಕು ವರ್ಷಕ್ಕೆ ಎರಡು ಲಕ್ಷ ಡಾಲರ್.

ಈ ಎರಡು ಲಕ್ಷವನ್ನು ನೆನಪಿಟ್ಟುಕೊಳ್ಳಿ. ಮೆಡಿಕಲ್ ಓದುವವರು ಹಿಂದೆ ಪೂರ್ತಿ ಖರ್ಚಿನಷ್ಟು ಫೆಡರಲ್ ಸಾಲ ಎತ್ತಬಹುದಿತ್ತು. 2025ರ ಜುಲೈಯಲ್ಲಿ ಬಂದ ಕಾನೂನು ಗ್ರ್ಯಾಡ್ ಪ್ಲಸ್ ಎಂಬ ಆ ಸಾಲವನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸಿತು. ವೈದ್ಯಕೀಯದಂಥ ಕೋರ್ಸುಗಳಿಗೆ ಈಗ ವರ್ಷಕ್ಕೆ ಐವತ್ತು ಸಾವಿರ, ಒಟ್ಟು ಎರಡು ಲಕ್ಷ ಡಾಲರ್ ಮಾತ್ರ. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಒಟ್ಟು ಖರ್ಚು ಮೂರೂವರೆ ಲಕ್ಷ ದಾಟುತ್ತದೆ. ಉಳಿದದ್ದು ಬ್ಯಾಂಕಿನ ಸಾಲ, ಇಲ್ಲವೇ ನಿಮ್ಮ ಉಳಿತಾಯ. ಪದವಿಯಲ್ಲಿ ಉಳಿಸಿದ ದುಡ್ಡು ಅಲ್ಲಿಗೆ ಬರುತ್ತದೆ. ನ್ಯೂಯಾರ್ಕ್ ಯೂನಿವರ್ಸಿಟಿ 2018ರಿಂದ, ಐನ್‌ಸ್ಟೈನ್ ಮೆಡಿಕಲ್ ಕಾಲೇಜು 2024ರಿಂದ ಮೆಡಿಕಲ್ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ತೆಗೆದುಹಾಕಿವೆ ನಿಜ. ಅದನ್ನು ನಂಬಿ ಮನೆ ಬಜೆಟ್ ಹಾಕಲಾಗುವುದಿಲ್ಲ.

ಪ್ರತಿ ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನಿಮ್ಮ ಮನೆಗೆ ಬೀಳುವ ಖರ್ಚಿನ ಅಂದಾಜು) ಇರಲೇಬೇಕು ಅಂತ ಕಾನೂನಿದೆ. ಆಗಸ್ಟಿನಲ್ಲೇ ಒಂದು ಸಂಜೆ ಕೂತು ಪಟ್ಟಿಯ ಎಲ್ಲ ಕಾಲೇಜಿಗೂ ಲೆಕ್ಕ ಹಾಕಿ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದಾಯ ಎಷ್ಟು ಅಂತ ಮಕ್ಕಳಿಗೆ ಹೇಳದ ಸಂಸ್ಕಾರ ನಮ್ಮದು. ಈ ಒಂದು ಸಂಜೆಗೆ ಅದನ್ನು ಪಕ್ಕಕ್ಕಿಡಿ.

ನಾವು ಎಚ್-1ಬಿ ಕೆಲಸದ ವೀಸಾ ಮೇಲಿದ್ದೇವೆ, ಮಗುವಿನದು ಅವಲಂಬಿತರ ಎಚ್-4. ಏನಾದರೂ ವ್ಯತ್ಯಾಸ ಇದೆಯೇ?

ಬಹಳ ಇದೆ, ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತೀಯರು ಎಷ್ಟು ವರ್ಷ ನಿಂತಿರುತ್ತಾರೆ ಅನ್ನುವುದು ನಿಮಗೇ ಗೊತ್ತು. ಮಗುವಿಗೆ 21 ತುಂಬಿದರೆ ಎಚ್-4 ಮುಗಿಯಿತು. ಎಫ್-1ಗೆ ಬದಲಾಗಬೇಕು, ಅಂದರೆ ಕಾಗದದ ಮೇಲೆ ಪರದೇಶಿ ವಿದ್ಯಾರ್ಥಿ. ಅದು ಸರಿಯಾಗಿ ಮೆಡಿಕಲ್ ಅರ್ಜಿಯ ಹೊತ್ತಿಗೇ ಬರುತ್ತದೆ. ಬಹಳಷ್ಟು ಮೆಡಿಕಲ್ ಸ್ಕೂಲುಗಳು ನಾಗರಿಕರನ್ನೂ ಗ್ರೀನ್ ಕಾರ್ಡಿನವರನ್ನೂ ಮಾತ್ರ ಪರಿಗಣಿಸುತ್ತವೆ. ಉಳಿದವುಗಳಲ್ಲಿ ಕೆಲವು ಒಂದರಿಂದ ನಾಲ್ಕು ವರ್ಷದ ಖರ್ಚನ್ನು ಮುಂಗಡವಾಗಿ ತೋರಿಸಲು ಕೇಳುತ್ತವೆ. ಯಾವ ಶಾಲೆಯ ನಿಯಮ ಏನು ಅನ್ನುವುದು ಮೆಡಿಕಲ್ ಸ್ಕೂಲುಗಳ ಒಕ್ಕೂಟ ಎಎಎಂಸಿಯ ಎಂಎಸ್‌ಎಆರ್ ಎಂಬ ದತ್ತಾಂಶದಲ್ಲಿದೆ, ಚಂದಾ ಕಟ್ಟಿದರೂ ನಷ್ಟವಿಲ್ಲ.

ಪದವಿ ಹಂತದಲ್ಲೂ ಎಚ್-4 ಮಕ್ಕಳಿಗೆ ಫೆಡರಲ್ ನೆರವಿಲ್ಲ. ಹಲವು ರಾಜ್ಯಗಳು ಸ್ವಂತ ರಾಜ್ಯದವರ ಶುಲ್ಕದಲ್ಲೇ ಓದಲು ಬಿಡುತ್ತವೆ, ನಿಮ್ಮ ರಾಜ್ಯದ್ದನ್ನು ಪ್ರವೇಶ ಕಚೇರಿಗೆ ಬರೆದು ಲಿಖಿತ ಉತ್ತರ ಇಟ್ಟುಕೊಳ್ಳಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವು ಕಾಲೇಜುಗಳು ಮಾತ್ರ ವೀಸಾ ನೋಡದೆ, ಕಟ್ಟುವ ಶಕ್ತಿಯನ್ನೂ ನೋಡದೆ ಪ್ರವೇಶ ತೀರ್ಮಾನಿಸಿ ಪೂರ್ತಿ ಅಗತ್ಯ ತುಂಬುತ್ತವೆ. ಅವೆಲ್ಲ ರೀಚ್‌ಗಿಂತಲೂ ರೀಚ್. ಈ ಮನೆಗಳ ಪಟ್ಟಿಯಲ್ಲಿ ಸ್ವಂತ ರಾಜ್ಯದ ಕಾಲೇಜುಗಳೇ ಹೆಚ್ಚಿರಬೇಕು, ವೈದ್ಯಕೀಯ ಕೈಗೂಡದಿದ್ದರೂ ನಿಲ್ಲುವಂಥ ಮೇಜರ್ ಇರಬೇಕು. ಇದು ಅನ್ಯಾಯವೇ. ಆದರೆ ಅದನ್ನು ಹದಿನೆಂಟನೇ ವಯಸ್ಸಿನಲ್ಲೇ ಮಗುವಿಗೆ ಹೇಳುವುದು ಲೇಸು.

ಟೆಕ್ಸಸ್, ಕ್ಯಾಲಿಫೋರ್ನಿಯದವರಿಗೆ ಬೇರೆ ಲೆಕ್ಕವೇ?

ಹೌದು. ಟೆಕ್ಸಸ್ಸಿನ ಸರ್ಕಾರಿ ಮೆಡಿಕಲ್ ಸ್ಕೂಲುಗಳಲ್ಲಿ ಶೇ. 90ರಷ್ಟು ಸೀಟು ಆ ರಾಜ್ಯದವರಿಗೇ. ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡಿಗರು ರಾಜ್ಯ ಬಿಟ್ಟು ಹೋಗುವ ಮುಂಚೆ ಎರಡು ಸಲ ಯೋಚಿಸಲಿ. ಹೈಸ್ಕೂಲಿನ ಮೇಲಿನ ಶೇ. 10ರಲ್ಲಿದ್ದರೆ ರಾಜ್ಯದ ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಜಾಗ ಖಾತ್ರಿ, ಅದೇ ಸೇಫ್ಟಿ. ಆಸ್ಟಿನ್ನಿನ ಯುಟಿ ಮಾತ್ರ 2026ರಿಂದ ಇದನ್ನು ಶೇ. 5ಕ್ಕೆ ಇಳಿಸಿದೆ.

ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ಉಲ್ಟಾ. ಅರ್ಜಿ ಹಾಕುವವರು ಅಷ್ಟು ಜನ, ಮೆಡಿಕಲ್ ಸೀಟು ಸಿಕ್ಕವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯಕ್ಕೆ ಹೋಗುತ್ತಾರೆ. ಪದವಿಗೆ ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದ ಒಂಬತ್ತು ಕ್ಯಾಂಪಸ್ಸಿಗೂ ಒಂದೇ ಅರ್ಜಿ, ಎಸ್‌ಎಟಿ ನೋಡುವುದೇ ಇಲ್ಲ. ಯುಸಿಎಲ್‌ಎ, ಬರ್ಕ್ಲಿ ಎರಡನ್ನೇ ಗುರುತು ಮಾಡಿ ಕೂರಬೇಡಿ. ಡೇವಿಸ್, ರಿವರ್‌ಸೈಡ್ ಎರಡರಲ್ಲೂ ಮೆಡಿಕಲ್ ಸ್ಕೂಲಿದೆ.

ಮೇಜರ್ ಬಯಾಲಜಿಯೇ ಇರಬೇಕೇ?

ಬೇಡ. ಇಂಗ್ಲಿಷ್, ಇತಿಹಾಸ ಓದಿ ಮೆಡಿಕಲ್ ಸೇರಿದವರು ಬೇಕಾದಷ್ಟು ಜನ ಇದ್ದಾರೆ. ಇಷ್ಟಪಟ್ಟು ಓದಿದ್ದರಲ್ಲಿ ಗ್ರೇಡು ಬರುತ್ತದೆ.

ಅರ್ಲಿ ಡಿಸಿಷನ್ ಹಾಕಬೇಕೇ?

ಒಂದೇ ಕಾಲೇಜಿಗೆ ಮುಂಚೆಯೇ ಹಾಕುವ ಅರ್ಜಿ ಇದು, ಸಾಮಾನ್ಯವಾಗಿ ನವೆಂಬರ್ 1ಕ್ಕೆ ಕೊನೆ. ಸಿಕ್ಕರೆ ಹೋಗಲೇಬೇಕು ಅಂತ ಮಗು, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಬೇರೆ ಕಾಲೇಜಿನ ನೆರವಿನ ಜತೆ ಹೋಲಿಸಿ ನೋಡುವ ಅವಕಾಶ ಅಲ್ಲಿಗೆ ಹೋಯಿತು. ತೊಂಬತ್ತು ಸಾವಿರವನ್ನು ನಾಲ್ಕು ವರ್ಷ ಕಟ್ಟಿ, ಅದರ ಮೇಲೆ ಮೆಡಿಕಲ್ಲಿಗೂ ಕೈಯಲ್ಲಿ ಉಳಿಯುವವರು ಹಾಕಲಿ. ಉಳಿದವರಿಗೆ ಕಟ್ಟುಪಾಡಿಲ್ಲದ ಅರ್ಲಿ ಆಕ್ಷನ್ ಸಾಕು.

ಇಲ್ಲಿ ಆಗದಿದ್ದರೆ ಮಣಿಪಾಲಕ್ಕೋ ಬೆಂಗಳೂರಿಗೋ ಕಳಿಸಿದರೆ?

ಅದೂ ದಾರಿಯೇ. ಆದರೆ ಏಪ್ರಿಲಿನಲ್ಲಿ ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡ ಮೇಲೆ ಹಿಡಿಯುವ ದಾರಿಯಲ್ಲ. ನೀಟ್ ಬರೆಯಲೇಬೇಕು, ಹೈಸ್ಕೂಲಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಓದಿರಬೇಕು. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಒಸಿಐ ಕಾರ್ಡ್ ಪಡೆದವರಿಗೆ ಎನ್‌ಆರ್‌ಐ ಮತ್ತು ಹೆಚ್ಚುವರಿ ಸೀಟುಗಳು ಮಾತ್ರ. ಅದಕ್ಕೂ ಮುಂಚೆ ಕಾರ್ಡ್ ಪಡೆದವರಿಗೆ ಆ ನಿಯಮ ಹೊಂದುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಾರ್ಡಿನ ದಿನಾಂಕ ನೋಡಿಕೊಳ್ಳಿ.

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ವಾಪಸ್ ಅಮೆರಿಕಕ್ಕೆ ಬರಬೇಕಾದರೆ ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆಗಳು, ಆಮೇಲೆ ರೆಸಿಡೆನ್ಸಿ ಮ್ಯಾಚ್, ಅಂದರೆ ಆಸ್ಪತ್ರೆಯ ತರಬೇತಿ ಸೀಟಿನ ಹಂಚಿಕೆ. ಇಲ್ಲಿ ಎಂಡಿ ಓದಿದವರಲ್ಲಿ ನೂರಕ್ಕೆ ತೊಂಬತ್ತಮೂರರಷ್ಟು ಮಂದಿಗೆ ಮ್ಯಾಚ್ ಆಗುತ್ತದೆ. ಹೊರಗೆ ಓದಿ ಬಂದ ಅಮೆರಿಕದ ನಾಗರಿಕರಲ್ಲಿ ಮೂರರಲ್ಲಿ ಎರಡು ಪಾಲಿಗೆ. ಕೆರಿಬಿಯನ್ ಶಾಲೆಗಳಿಗೂ ಇದೇ ಮಾತು, ಇನ್ನೂ ಎಚ್ಚರಿಕೆಯಿಂದ.

ಎರಡನೇ ವರ್ಷದಲ್ಲಿ ಡಾಕ್ಟರಿಕೆ ಬೇಡ ಅಂದರೆ?

ತುಂಬಾ ಮಕ್ಕಳು ಅನ್ನುತ್ತಾರೆ. ಅದಕ್ಕೇ ಪಟ್ಟಿಯ ಪ್ರತಿ ಕಾಲೇಜಿನ ಮುಂದೆ ಇನ್ನೊಂದು ಅಂಕಣ ಎಳೆಯಿರಿ: ಪ್ರಿ-ಮೆಡ್ ಬಿಟ್ಟರೆ ಇಲ್ಲಿ ಏನಿದೆ, ಮೇಜರ್ ಬದಲಿಸಲು ಬಿಡುತ್ತಾರೆಯೇ? ಕೆಲವು ದೊಡ್ಡ ಯೂನಿವರ್ಸಿಟಿಗಳಲ್ಲಿ ಬಯಾಲಜಿಯಿಂದ ಎಂಜಿನಿಯರಿಂಗಿಗೋ ಕಂಪ್ಯೂಟರ್ ಸೈನ್ಸಿಗೋ ದಾಟುವುದು ಹೊಸದಾಗಿ ಪ್ರವೇಶ ಪಡೆದಷ್ಟೇ ಕಷ್ಟ. ಪಬ್ಲಿಕ್ ಹೆಲ್ತ್, ಬಯೋಇನ್ಫರ್ಮ್ಯಾಟಿಕ್ಸ್, ನರ್ಸಿಂಗ್, ಫಾರ್ಮಸಿ ಇರುವ ಕಡೆ ಹೊರಳಲು ಜಾಗವಿರುತ್ತದೆ. ನರ್ಸಿಂಗಿಗೆ ಮಾತ್ರ ಬಹಳ ಕಡೆ ಮೊದಲ ವರ್ಷವೇ ನೇರ ಪ್ರವೇಶ, ಆಮೇಲೆ ಬಾಗಿಲು ತೆರೆಯುವುದಿಲ್ಲ. ಮಗುವಿಗೆ ಅತ್ತಲೂ ಒಲವಿದ್ದರೆ ಅದನ್ನು ಈಗಲೇ, ಅರ್ಜಿಯಲ್ಲೇ ಹೇಳಬೇಕು.